ಬೆಳಗ್ಗೆ ಎಂಟೂಮುಕ್ಕಾಲರ ಮುಸ್ಸಂಜೆ

ಕೆಲವರ ಕೆಲಸದಲ್ಲಿ ವರ್ಷಕ್ಕೊಂದು ತಮಾಷೆ ನಡೆಯುತ್ತೆ, ಅದನ್ನೇ ಅವರು ರಿಟೈರ್ ಆಗೋ ತನಕ ಹೇಳಿಕೊಂಡು ತಿರುಗುತ್ತಾರೆ. ನನ್ನ ಕೆಲಸದಲ್ಲಿ ದಿನಕ್ಕೆ ಮೂರಾದರೂ ಆಗುತ್ತವೆ. ಅದರಲ್ಲಿ ಎರಡು ಕತ್ತಲಲ್ಲಿ ಆಗೋದರಿಂದ ಕಣ್ಣಿಗೆ ಬೀಳಲ್ಲ, ಅಷ್ಟೇ.

ಕತ್ತಲೆ ಮಾಡೋ ಉದ್ಯೋಗ

ನಾನು ಮೈಸೂರಿನವಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಅಲ್ಲೇ ಒಂದು ಕಾಲೇಜಿನಲ್ಲಿ ಹುಡುಗರಿಗೆ ಜಿರಲೆ ಕೊಯ್ಯೋದು ಹೇಳಿಕೊಡುತ್ತಿದ್ದೆ. ಗಂಡನ ಬ್ಯಾಂಕ್ ಕೆಲಸದ ಬೆನ್ನು ಹಿಡಿದು ಸಿಂಗಪುರಕ್ಕೆ ಬಂದು ಹನ್ನೆರಡು ವರ್ಷವಾಯಿತು. ಮನೆ ಸೆಂಬವಾಂಗ್‌ನಲ್ಲಿ, ಹನ್ನೊಂದನೇ ಮಹಡಿ. ಮಗಳು ಸೆಕೆಂಡರಿ ಸ್ಕೂಲಿಗೆ ಹೋಗಿ, ಅವಳಿಗೆ ನನ್ನ ಅವಶ್ಯಕತೆ ವೈಫೈ ಪಾಸ್‌ವರ್ಡಿಗೆ ಮಾತ್ರ ಅಂತ ಗೊತ್ತಾದ ಮೇಲೆ, ನಾನೂ ಒಂದು ಕೆಲಸ ಹುಡುಕಿಕೊಂಡೆ. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಪ್ರಾಣಿ ಪಾರ್ಕು. ಅದರೊಳಗೆ ನಿಶಾಚರ ಪ್ರಾಣಿಗಳ ಒಂದು ಕಟ್ಟಡ. ಅಲ್ಲಿ ನಾನು ಕೀಪರ್.

ಆ ಕಟ್ಟಡದಲ್ಲಿ ಎಲ್ಲಾ ಉಲ್ಟಾ. ರಾತ್ರಿ ಎಚ್ಚರವಾಗಿರೋ ಪ್ರಾಣಿಗಳನ್ನ ಜನ ಹಗಲು ಹೊತ್ತು ನೋಡಬೇಕಲ್ಲ, ಅದಕ್ಕೆ ನಾವು ರಾತ್ರಿಯಿಡೀ ಬಿಳಿ ಲೈಟು ಉರಿಸುತ್ತೇವೆ, ಪ್ರಾಣಿಗಳು ಹಗಲು ಅಂದುಕೊಂಡು ಮಲಗುತ್ತವೆ. ಬೆಳಗ್ಗೆ ಲೈಟು ಆರಿಸುತ್ತೇವೆ, ರಾತ್ರಿಯಾಯಿತು ಅಂದುಕೊಂಡು ಏಳುತ್ತವೆ. ಏಳಬೇಕು, ಅನ್ನೋದು ಲೆಕ್ಕ.

ಕೆಲಸ ಸಿಕ್ಕಿದ ಖುಷಿಗೆ ಮೈಸೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಏನು ಕೆಲಸ ಕಣೇ?"

"ಬೆಳಗ್ಗೆ ಹೋಗಿ ಕತ್ತಲೆ ಮಾಡಬೇಕು ಚಿಕ್ಕಮ್ಮ. ಸಂಜೆ ಬರೋವಾಗ ಲೈಟ್ ಹಾಕಿ ಬರಬೇಕು."

ಚಿಕ್ಕಮ್ಮ ಅಂದರು, "ಕತ್ತಲೆ ಮಾಡೋಕೂ ಸಂಬಳ ಕೊಡ್ತಾರಾ? ನಮ್ಮ ಕಡೆ ಕರೆಂಟಿನವರು ಪುಕ್ಕಟೆ ಮಾಡ್ತಾರಲ್ಲೇ!"

ಆರನೇ ಕೋಣೆಯ ದಂಪತಿ

ನನ್ನ ಪಾಲಿಗೆ ಬಂದಿದ್ದು ಆರನೇ ಕೋಣೆ. ಅದರಲ್ಲಿ ಎರಡು ಶುಗರ್ ಗ್ಲೈಡರ್. ನೋಡಿಲ್ಲದವರಿಗೆ ಹೇಳುತ್ತೇನೆ: ಅಳಿಲಿಗಿಂತ ಸ್ವಲ್ಪ ಚಿಕ್ಕದು, ಬೂದು ಬಣ್ಣ, ಬೆನ್ನ ಮೇಲೆ ಕಪ್ಪು ಗೆರೆ, ಮುಖದ ತುಂಬಾ ಕಣ್ಣು. ಮುಂಗೈಯಿಂದ ಹಿಂಗಾಲಿನ ತನಕ ಒಂದು ತೆಳ್ಳನೆಯ ಚರ್ಮ, ಅದನ್ನ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತೆ. ಆದರೆ ಅಳಿಲಿನ ಜಾತಿ ಅಲ್ಲ, ಕಾಂಗರೂಗೆ ದೂರದ ನೆಂಟ. ಹೆಣ್ಣಿಗೆ ಹೊಟ್ಟೆಯಲ್ಲಿ ಚೀಲ ಇರುತ್ತೆ, ಮರಿ ಅದರೊಳಗೇ ಬೆಳೆಯೋದು. ಗಂಡಿಗೆ ನೆತ್ತಿಯ ಮೇಲೆ ಒಂದು ಬೋಳು. ಆ ಬೋಳು, ಆ ಗಂಭೀರ ಮುಖ, ಊಟದ ಹೊತ್ತಿಗೆ ಸರಿಯಾಗಿ ಮೈ ಮುರಿಯೋದು ಎಲ್ಲಾ ನೋಡಿ ನಾನು ಅವನಿಗೆ ರಾಯರು ಅಂತ ಹೆಸರಿಟ್ಟೆ. ಅವಳು ಪುಟ್ಟಮ್ಮ.

ಇವರ ಊಟ ಪರಂಗಿಹಣ್ಣಿನ ಚೂರು, ಅದರ ಮೇಲೆ ಒಣಗಿಸಿದ ಮಿಡತೆಯ ಪುಡಿ. ಮನೆಯಲ್ಲಿ ಮೊಟ್ಟೆ ಒಡೆಯದ ನಾನು ದಿನಾ ಬೆಳಗ್ಗೆ ಮಿಡತೆ ಪುಡಿ ಮಾಡುತ್ತೇನೆ. ತುಂಬಿಡೋಕೆ ಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದಿದ್ದೆ. ಮುಂಚೆ ಅದರಲ್ಲಿ ಚಟ್ನಿಪುಡಿ ಇತ್ತು. ಮೈಸೂರಿನಿಂದ ಅದನ್ನ ಕೊಟ್ಟು ಕಳಿಸಿದ್ದ ಅತ್ತೆಗೆ, ಡಬ್ಬಿ ಬಸ್ಸಿನಲ್ಲಿ ಕಳೆದುಹೋಯಿತು ಅಂತ ಹೇಳಿಬಿಟ್ಟಿದ್ದೆ.

ತೊಂದರೆ ಏನಪ್ಪಾ ಅಂದರೆ, ಇಬ್ಬರೂ ಹೊರಗೆ ಬರುತ್ತಿರಲಿಲ್ಲ. ಬೆಳಗ್ಗೆ ನಾನು ಸ್ವಿಚ್ ಒತ್ತಿ ಕತ್ತಲೆ ಮಾಡಿದರೂ ಮರದ ಗೂಡಿನ ಒಳಗೇ. ಮಧ್ಯಾಹ್ನವೂ ಒಳಗೇ. ಜನ ಬಂದು ಗಾಜಿಗೆ ಮೂಗು ಒತ್ತಿ, ಒಂದು ಕೊಂಬೆ ನೋಡಿಕೊಂಡು ಹೋಗುತ್ತಿದ್ದರು.

ಒಂದು ಭಾನುವಾರ ಜುರಾಂಗ್ ಈಸ್ಟ್‌ನಿಂದ ನಮ್ಮ ಕನ್ನಡದವರದ್ದೇ ಒಂದು ಕುಟುಂಬ ಬಂತು. ಆಂಟಿ ಗಾಜಿನ ಮುಂದೆ ಹತ್ತು ನಿಮಿಷ ಕದಲದೆ ನಿಂತರು. "ಅಯ್ಯೋ ಎಷ್ಟು ಮುದ್ದಾಗಿದೆ! ಕಣ್ಣು ನೋಡ್ರೀ, ಪಿಳಿಪಿಳಿ ಅಂತ ನಮ್ಮನ್ನೇ ನೋಡ್ತಿದೆ!" ಅಂತ ಗಂಡನಿಗೆ ತೋರಿಸಿದರು. ಅವರು ಫೋಟೋ ಹೊಡೆದರು, ಅಲ್ಲೇ ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಅದು ಮೂಲೆಯಲ್ಲಿರೋ ಕ್ಯಾಮೆರಾದ ಎರಡು ಕೆಂಪು ಲೈಟು. ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮೈಸೂರು, ಬೆಂಗಳೂರಿನಿಂದೆಲ್ಲ ಟಿಂಗ್ ಟಿಂಗ್ ಅಂತ ಮೆಸೇಜ್ ಬರೋಕೆ ಶುರುವಾಯಿತು. ನಮ್ಮ ಕ್ಯಾಮೆರಾಗೆ ಅವತ್ತು ಬಂದಷ್ಟು ಹಾರ್ಟು ನನ್ನ ಮದುವೆ ಫೋಟೋಗೂ ಬಂದಿರಲಿಲ್ಲ.

ಮೇಡಂ ಮಾಡಿದ ಸಂಶೋಧನೆ

ನಗು ಅಲ್ಲಿಗೇ ನಿಂತಿತು. ಮಾರನೇ ದಿನ ನಮ್ಮ ಸೂಪರ್‌ವೈಸರ್ ಮೇಡಂ ನನ್ನನ್ನೂ, ನನ್ನ ಜೊತೆ ಕೆಲಸ ಮಾಡೋ ಅಂಕಲ್‌ನನ್ನೂ ಕರೆದರು. ಅಂಕಲ್ ಯಿಶುನ್‌ನ ಚೀನೀ ಮನುಷ್ಯ, ಅರವತ್ತಮೂರು ವರ್ಷ, ಹಾವು, ಆಮೆ, ಮೊಸಳೆ ಎಲ್ಲಾ ಸಾಕಿ ಬಂದವರು. ಮೇಡಂ ಪಿಎಚ್‌ಡಿ ಮಾಡಿದವರು, ಕಟ್ಟಡದ ಎಲ್ಲಾ ಕೋಣೆಗೂ ಅವರೇ ಯಜಮಾನಿ.

"ಜೂನ್ ಸ್ಕೂಲು ರಜೆ ಮುಗಿದ ಮೇಲಿನ ಮೊದಲ ಶುಕ್ರವಾರ ಡೈರೆಕ್ಟರ್ ನೋಡೋಕೆ ಬರ್ತಾರೆ," ಅಂದರು ಮೇಡಂ. "ಅವತ್ತೂ ಪ್ರಾಣಿ ಕಾಣಿಸಲಿಲ್ಲ ಅಂದ್ರೆ ಆರನೇ ಕೋಣೆ ಕ್ಲೋಸ್. ಎರಡನ್ನೂ ಬೇರೆ ದೇಶದ ಪಾರ್ಕ್‌ಗಳಿಗೆ ಕಳಿಸ್ತಾರೆ."

"ಒಟ್ಟಿಗೆ ತಾನೇ?" ಅಂದೆ.

"ಇಲ್ಲ. ಗಂಡು ಒಂದು ಕಡೆ ಕೇಳಿದ್ದಾರೆ, ಹೆಣ್ಣು ಇನ್ನೊಂದು ಕಡೆ."

ಈ ಜಾತಿಗೆ ಒಂಟಿ ಇರೋಕೆ ಬರಲ್ಲ. ಇವೆರಡೂ ಒಂದರ ಮೇಲೊಂದು ಸುತ್ತಿಕೊಂಡು, ಯಾರ ಬಾಲ ಯಾರದ್ದು ಅಂತ ಗೊತ್ತಾಗದ ಹಾಗೆ ಮಲಗುತ್ತವೆ. ಅವನ್ನ ಬೇರೆ ಮಾಡೋದು ಅಂದರೆ! ಕೋಪ ಬಂದು, "ಹೊರಗೆ ಬರದೇ ಇರೋದು ಅಂಥಾ ದೊಡ್ಡ ತಪ್ಪಾ? ನನ್ನ ಮಗಳೂ ರೂಮಿಂದ ಹೊರಗೆ ಬರಲ್ಲ," ಅಂದುಬಿಟ್ಟೆ. ಮೇಡಂ ನಕ್ಕು, ಮೊದಲು ಅವಕ್ಕೆ ಬೆಳಕು ಬೇಕೋ ಕತ್ತಲೆ ಬೇಕೋ ಅಂತ ಟೆಸ್ಟ್ ಮಾಡೋಣ ಅಂದರು.

ಟೆಸ್ಟಿಗೆ ಎರಡು ಖಾನೆಯ ಒಂದು ಪೆಟ್ಟಿಗೆ ಬಂತು. ಒಂದು ಖಾನೆಯಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲೆ, ನಡುವೆ ಸಣ್ಣ ಬಾಗಿಲು. ಪ್ರಾಣಿ ಎಷ್ಟು ಹೊತ್ತು ಎಲ್ಲಿರುತ್ತೆ ಅಂತ ಬರೆದುಕೊಳ್ಳೋದು ನನ್ನ ಕೆಲಸ.

ಮೊದಲು ರಾಯರು. ಒಳಗೆ ಬಿಟ್ಟ ಕೂಡಲೇ ಹೋಗಿ ನಡುವಿನ ಬಾಗಿಲಲ್ಲೇ ಕೂತರು. ಮುಖ ಬೆಳಕಲ್ಲಿ, ಬಾಲ ಕತ್ತಲಲ್ಲಿ. ನಾನು ವಾಕಿಟಾಕಿಯಲ್ಲಿ ಮೇಡಂನ ಕೇಳಿದೆ. "ತಲೆ ಎಲ್ಲಿದೆಯೋ ಅದನ್ನ ಬರಿ," ಅಂದರು. ಬರೆದೆ. ರಾಯರು ಅಲ್ಲೇ ತಿರುಗಿ ಕೂತರು. ಹೊಡೆದು ಹಾಕಿ ಮತ್ತೆ ಬರೆದೆ. ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ತಿರುಗಿದರು. ಅಂಕಲ್ ಬಗ್ಗಿ ನೋಡಿ, "ಹೆಂಡತಿಗೂ ಅಮ್ಮನಿಗೂ ಜಗಳ ಆದಾಗ ನಾನೂ ಹೀಗೇ ಬಾಗಿಲಲ್ಲಿ ಕೂರ್ತೀನಿ," ಅಂದರು.

ಆಮೇಲೆ ಪುಟ್ಟಮ್ಮ. ಅವಳನ್ನ ಒಂದು ಬಟ್ಟೆ ಚೀಲದಲ್ಲಿ ಹಾಕಿ ತರೋದು. ಚೀಲದ ಬಾಯಿ ಬಿಚ್ಚಿ, ಪೆಟ್ಟಿಗೆಯೊಳಗೆ ಬೆಳಕಿನ ಖಾನೆಯಲ್ಲಿ ಇಟ್ಟು, ನಾನು ರಾಯರನ್ನ ಕೋಣೆಗೆ ಬಿಟ್ಟುಬರೋಕೆ ಹೋದೆ. ಆ ಹೊತ್ತಿನಲ್ಲಿ ಪೆಟ್ಟಿಗೆಯ ಸೆನ್ಸರೇ ಲೆಕ್ಕ ಇಟ್ಟು, ಮೇಡಂ ಕಂಪ್ಯೂಟರಿಗೆ ಕಳಿಸಿತು. ವಾಪಸ್ ಬಂದರೆ ಮೇಡಂ ಓಡಿಬಂದಿದ್ದಾರೆ, ಕಣ್ಣು ಹೊಳೀತಿದೆ.

"ಇಡೀ ಟೆಸ್ಟು ಬೆಳಕಲ್ಲೇ ಕಳೆದಿದ್ದಾಳೆ! ಒಂದು ಕ್ಷಣವೂ ಕತ್ತಲೆಗೆ ಹೋಗಿಲ್ಲ! ನಿಶಾಚರ ಪ್ರಾಣಿ, ಬೆಳಕು ಇಷ್ಟ ಅನ್ನುತ್ತೆ! ಇದು ಹೊಸ ವಿಷಯ!"

ನಾನು ಪೆಟ್ಟಿಗೆ ಮುಚ್ಚಳ ತೆಗೆದು ತೋರಿಸಿದೆ. "ಮೇಡಂ, ಅವಳು ಚೀಲದಿಂದ ಹೊರಗೇ ಬಂದಿಲ್ಲ. ನಿದ್ದೆ ಮಾಡ್ತಿದ್ದಾಳೆ."

ಮೇಡಂ ಮುಖ ಬಾಡಿತು. ಅಷ್ಟು ಹೊತ್ತಿಗೆ ಅವರು ಮೂರು ದೇಶಕ್ಕೆ ಈಮೇಲ್ ಕಳಿಸಿಯಾಗಿತ್ತು.

ದೇವರ ಮೂಲೆಯ ದೀಪಗಳು

ಬಿಳಿ ಬೆಳಕು ಬೇಡ, ಪೂರ್ತಿ ಕತ್ತಲೆಯೂ ಬೇಡ, ನಡುವಿನದ್ದೇನೋ ಬೇಕು ಅಂತ ರಾಯರು ಬಾಗಿಲಲ್ಲಿ ಕೂತಿದ್ದರಿಂದ ನಮಗೆ ಅನ್ನಿಸಿತು. ಪಾರ್ಕಿನ ಆಫೀಸಿಗೆ ಬೇರೆ ಬಲ್ಬು ಬೇಕು ಅಂತ ಬರೆದೆವು. ಆರು ವಾರ ಆಗುತ್ತೆ ಅಂತ ಉತ್ತರ ಬಂತು. ನಮಗಿದ್ದದ್ದು ನಾಲ್ಕೇ ವಾರ.

ಸರಿ, ನಾನು ಮನೆಯ ಅಟ್ಟದ ಡಬ್ಬದಿಂದ ದೀಪಾವಳಿಗೆ ತಂದಿದ್ದ ಬ್ಯಾಟರಿ ಹಣತೆಗಳನ್ನ ತೆಗೆದುಕೊಂಡು ಹೋದೆ. ಅದು ನಿಜವಾದ ದೀಪದ ಹಾಗೆ ನಡುಗೋ ಜಾತಿ. ಹಚ್ಚಿ ಇಟ್ಟ ತಕ್ಷಣ ಗೂಡಿನೊಳಗಿಂದ ಕರ್‌ರ್‌ರ್ ಅಂತ ಬೈಗುಳ ಬಂತು, ಹಳೇ ಮಿಕ್ಸಿಗೆ ಒಣ ಕಡಲೆ ಹಾಕಿದ ಹಾಗೆ. ತೆಗೆದುಬಿಟ್ಟೆ.

ಮಾರನೇ ದಿನ ಅಂಕಲ್ ತಮ್ಮ ಮನೆಯ ಪೂಜೆ ಪೀಠದಿಂದ ಎರಡು ಕೆಂಪು ಬಲ್ಬು ತಂದರು. ಚೀನೀಯರ ಮನೆಯಲ್ಲಿ ದೇವರ ಎರಡು ಪಕ್ಕ ಉರಿಯುತ್ತಲ್ಲ, ಅದೇ. ಕೊಂಬೆಯ ಆ ಕಡೆ ಒಂದು, ಈ ಕಡೆ ಒಂದು ಹಾಕಿದೆವು. ಬೈಗುಳ ಬರಲಿಲ್ಲ. ಯಾರೂ ಹೊರಗೂ ಬರಲಿಲ್ಲ. ಇರಲಿ ಅಂತ ಸಂಜೆ ತನಕ ಹಾಗೇ ಬಿಟ್ಟೆವು.

ಸಂಜೆ ಗಾಜು ಒರೆಸೋಕೆ ಹೋದರೆ, ಮುಂದೆ ನೆಲದ ಮೇಲೆ ಎರಡು ಕಿತ್ತಳೆಹಣ್ಣು, ಪಕ್ಕಪಕ್ಕ, ನೀಟಾಗಿ ಇಟ್ಟಿದ್ದಾರೆ. ಯಾರೋ ಅಜ್ಜಿ ಕೆಂಪು ದೀಪ ನೋಡಿ ಮೂರು ಸಲ ಬಗ್ಗಿ ನಮಸ್ಕಾರ ಮಾಡಿ ಹೋದರಂತೆ. ಅಂಕಲ್ ಗಾಬರಿಯಿಂದ ಬಲ್ಬು ಬಿಚ್ಚಿದರು. ನಾನು ಹಣ್ಣು ಎತ್ತಿಕೊಂಡು ಅಂದೆ: "ಕಣ್ಣಿಗೆ ಕಾಣದೇ ಇರೋದಕ್ಕೆ ಕೈಮುಗಿಯೋದು ಜನಕ್ಕೆ ಅಭ್ಯಾಸ ಇದೆ ಅಂಕಲ್. ಟಿಕೆಟ್ ತಗೊಂಡಾಗ ಮಾತ್ರ ಕಾಣಲೇಬೇಕು ಅಂತಾರೆ."

ಅತ್ತೆ ಬಂದರು

ಆ ಹೊತ್ತಿಗೆ ಮೈಸೂರಿಂದ ನಮ್ಮತ್ತೆ ಬಂದಿದ್ದರು, ಒಂದು ತಿಂಗಳಿಗೆ. ಅವರು ಸುಮ್ಮನೆ ಕೂರೋ ಪೈಕಿ ಅಲ್ಲ. ಬಂದ ಮೂರನೇ ದಿನಕ್ಕೇ ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಇಲ್ಲಿನವರು ವಾಯ್ಡ್ ಡೆಕ್ ಅನ್ನೋ ಕಡೆ, ಕೂರೋ ಚೀನೀ, ಮಲಯ್ ಆಂಟಿಯರಿಗೆಲ್ಲ ಕನ್ನಡದಲ್ಲೇ ಮಂಡಿನೋವಿನ ಔಷಧಿ ಹೇಳಿ ಮುಗಿಸಿದ್ದರು. ನನ್ನ ಕೆಲಸ ನೋಡಬೇಕು ಅಂತ ಹಟ ಹಿಡಿದರು. ಮೇಡಂನ ಕೇಳಿ, ಒಂದು ದಿನ ಬೆಳಗ್ಗೆ ಪಾರ್ಕು ತೆರೆಯೋ ಮುಂಚೆಯೇ ಕರೆದುಕೊಂಡು ಹೋದೆ.

ಎಂಟೂಮುಕ್ಕಾಲು. ಆರನೇ ಕೋಣೆಯ ಮುಂದೆ ಅತ್ತೆಯನ್ನ ನಿಲ್ಲಿಸಿ, ನಾನು ದಿನದ ಹಾಗೆ ಸ್ವಿಚ್ ಒತ್ತಿದೆ. ಬಿಳಿ ಬೆಳಕು ಠಪ್ ಅಂತ ಹೋಗಿ ಗವ್ವನೆ ಕತ್ತಲಾಯಿತು.

"ಅಯ್ಯೋ, ಕರೆಂಟ್ ಹೋಯ್ತು!" ಅಂತ ಅತ್ತೆ ಗಬಕ್ಕನೆ ನನ್ನ ಕೈ ಹಿಡಿದುಕೊಂಡರು.

"ಹೋಗಿಲ್ಲ ಅತ್ತೆ, ನಾನೇ ತೆಗೆದಿದ್ದು. ಇವಕ್ಕೆ ಈಗ ರಾತ್ರಿ."

"ರಾತ್ರಿ ಸರಿ. ಸಂಜೆ ಎಲ್ಲಿ?"

"ಸಂಜೆನಾ?"

"ಮತ್ತೆ? ಉರೀತಿದ್ದ ಸೂರ್ಯನ್ನ ಹಿಡಿದು ಬಾವಿಗೆ ತಳ್ಳಿದ ಹಾಗೆ ಮಾಡ್ತೀಯಲ್ಲೇ! ಮುಸ್ಸಂಜೆ ಅಂತ ಒಂದು ಬೇಡವಾ? ಒಂದು ದೀಪ ಬೇಡವಾ? ನಾನಾಗಿದ್ರೂ ಗೂಡು ಬಿಟ್ಟು ಬರ್ತಿರಲಿಲ್ಲ."

ಎಂ.ಎಸ್ಸಿ. ಮಾಡಿದವಳು ನಾನು, ಪಿಎಚ್‌ಡಿ ಮಾಡಿದವರು ಮೇಡಂ. ಬೆಳಕು ಬೇಕಾ ಕತ್ತಲೆ ಬೇಕಾ ಅಂತ ವಾರಗಟ್ಟಲೆ ಕೇಳಿದೆವೇ ಹೊರತು, ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ಮಿಕ್ಕ ಕೋಣೆಯ ಪ್ರಾಣಿಗಳು ಠಪ್ ಅಂತ ಕತ್ತಲಾದರೂ ಸಹಿಸಿಕೊಂಡಿದ್ದವು, ಅದಕ್ಕೇ ಯಾರೂ ಯೋಚಿಸಿರಲಿಲ್ಲ. ನಾನು ಓಡಿಹೋಗಿ ಮೇಡಂಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

ಅಂಕಲ್ ಅವತ್ತೇ ತಮ್ಮ ಹಳೇ ಸಾಮಾನಿನಿಂದ ಬೆಳಕು ಕಮ್ಮಿ ಮಾಡೋ ರೆಗ್ಯುಲೇಟರ್ ತಂದು ಕೂರಿಸಿದರು. ಮೂಲೆಯಲ್ಲಿ ಒಂದು ಹಳದಿ ಪುಟ್ಟ ದೀಪ, ನಡುಗದ ಜಾತಿ. ಎಂಟೂಮುಕ್ಕಾಲಿಗೆ ಮೊದಲು ದೀಪ ಹಾಕೋದು, ಆಮೇಲೆ ಬಿಳಿ ಬೆಳಕನ್ನ ನಿಧಾನಕ್ಕೆ ಇಳಿಸೋದು. ಮುಕ್ಕಾಲು ಗಂಟೆಯ ಮುಸ್ಸಂಜೆ.

ಮೂರನೇ ದಿನ ಗೂಡಿನ ತೂತಿನಲ್ಲಿ ಒಂದು ಗುಲಾಬಿ ಮೂಗು ಕಾಣಿಸಿತು. ರಾಯರದ್ದು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ನಿಜ ಹೇಳುತ್ತೇನೆ.

ಸಾಯಂಕಾಲ ಅತ್ತೆಗೆ ಹೇಳಿ, ನಿಮಗೆ ಇದೆಲ್ಲ ಹೇಗೆ ತಿಳೀತು ಅಂತ ಕೇಳಿದೆ. ಅತ್ತೆ ಬೀನ್ಸ್ ನಾರು ತೆಗೀತಾ, ಸೋಫಾದಲ್ಲಿದ್ದ ನನ್ನ ಗಂಡನ ಕಡೆ ಗದ್ದ ತೋರಿಸಿದರು. "ಇವನನ್ನ ಬೆಳಗ್ಗೆ ಫ್ಯಾನ್ ಆಫ್ ಮಾಡಿ, ಲೈಟ್ ಹಾಕಿ, ಹೊದಿಕೆ ಎಳೆದು ಎಬ್ಬಿಸ್ತೀಯಲ್ಲ. ಎದ್ದ ಮೇಲೆ ಹನ್ನೊಂದು ಗಂಟೆ ತನಕ ಯಾರಿಗಾದ್ರೂ ಮುಖ ತೋರಿಸ್ತಾನಾ?"

ನಾಲ್ಕನೇ ಸಾಲು

ಇಲ್ಲಿ ನನ್ನದೊಂದು ಅಭ್ಯಾಸ ಹೇಳಬೇಕು. ನಮ್ಮ ಮನೆಗಳಲ್ಲಿ ಮುಸ್ಸಂಜೆ ದೀಪ ಹಚ್ಚಿದಾಗ ಕೈಮುಗೀತೀವಿ. ದೀಪ ಅಂತಲ್ಲ, ಟ್ಯೂಬ್‌ಲೈಟ್ ಹಾಕಿದರೂ ಅದಕ್ಕೇ ಮುಗಿಯೋದು. ಹುಟ್ಟಿದಾಗಿನಿಂದ ಬಂದದ್ದು, ಕೈ ತಾನೇ ಎದ್ದುಬಿಡುತ್ತೆ. ಆರನೇ ಕೋಣೆಯಲ್ಲಿ ಹಳದಿ ದೀಪ ಹಾಕಿದಾಗಲೂ ದಿನಾ ಎದ್ದುಬಿಡುತ್ತಿತ್ತು. ಕೈ ಮುಗಿದು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಂದು ಶ್ಲೋಕ, ಆಮೇಲೆ ಕೆಲಸ.

ನಡುವೆ ನನಗೆ ಜ್ವರ ಬಂದು ಮೂರು ದಿನ ರಜೆ ಹಾಕಿದೆ. ಬದಲಿಗೆ ಬೇರೆ ಕೋಣೆಯ ಕೀಪರ್‌ಗಳು ಬರುತ್ತಾರೆ, ಏನೇನು ಮಾಡಬೇಕು ಬರೆದುಕೊಡಿ ಅಂತ ಮೇಡಂ ಅಂಕಲ್‌ಗೆ ಹೇಳಿದರು. ಅಂಕಲ್ ಶಿಸ್ತಿನ ಮನುಷ್ಯ. ಕಂಡದ್ದನ್ನ ಕಂಡ ಹಾಗೇ ಬರೆದರು. ನಾನು ವಾಪಸ್ ಬಂದಾಗ ಗೋಡೆಯ ಮೇಲೆ ಲ್ಯಾಮಿನೇಟ್ ಮಾಡಿದ ಹಾಳೆ ನೇತಾಡುತ್ತಿತ್ತು:

ಒಂದು, ಬಾಗಿಲು ಚೆಕ್ ಮಾಡುವುದು. ಎರಡು, ಹಳದಿ ದೀಪ ಹಾಕುವುದು. ಮೂರು, ಬಿಳಿ ಬೆಳಕು ಒಂದು ಮೆಟ್ಟಿಲು ಇಳಿಸುವುದು. ನಾಲ್ಕು, ಎರಡೂ ಕೈ ಎದೆಯ ಮುಂದೆ ಜೋಡಿಸಿ, ದೀಪದ ಕಡೆ ತಿರುಗಿ, ಹತ್ತು ಸೆಕೆಂಡ್ ಅಲುಗಾಡದೆ ನಿಲ್ಲುವುದು. ಐದು, ಹಣ್ಣು ಕೊಡುವುದು.

ಓದಿ ಮುಗಿಸಿ ತಿರುಗಿದರೆ ಒಬ್ಬ ಮಲಯ್ ಕೀಪರು, ಒಬ್ಬಳು ಫಿಲಿಪ್ಪೀನ್ಸ್ ಕೀಪರು ಇಬ್ಬರೂ ದೀಪದ ಮುಂದೆ ಕೈ ಜೋಡಿಸಿ ಕಂಬದ ಹಾಗೆ ನಿಂತಿದ್ದಾರೆ. ಅಂಕಲ್ ಪಕ್ಕದಲ್ಲಿ ನಿಂತು ವಾಚ್ ನೋಡ್ತಿದ್ದಾರೆ.

ನನಗೆ ನಾಚಿಕೆಯಿಂದ ಭೂಮಿಗೆ ಇಳಿದು ಹೋದ ಹಾಗಾಯಿತು. "ಅಂಕಲ್, ಅದು ಕೆಲಸದ ಭಾಗ ಅಲ್ಲ! ಅದು ನನ್ನ ಸ್ವಂತದ್ದು!" ಅಂದೆ. "ಓಹೋ," ಅಂದರು ಅಂಕಲ್, ಸ್ವಲ್ಪ ಬೇಜಾರಿನಿಂದ. ನಾಲ್ಕನೇ ಸಾಲಿನ ಮೇಲೆ ನಾನೇ ಟೇಪ್ ಅಂಟಿಸಿದೆ. ನನ್ನ ಕೈಯನ್ನೂ ಕಷ್ಟಪಟ್ಟು ಹಿಡಿದಿಟ್ಟುಕೊಂಡೆ. ದೀಪ ಹಾಕಿದ ತಕ್ಷಣ ತಟ್ಟೆ ಬಟ್ಟಲು ಎತ್ತಿಕೊಂಡು ಸರಸರ ಕೆಲಸ.

ನಾಲ್ಕು ದಿನ ರಾಯರು ಮೂಗೂ ತೋರಿಸಲಿಲ್ಲ.

ಡೈರೆಕ್ಟರ್ ಬರೋಕೆ ಒಂದೇ ವಾರ. ನನಗೆ ಊಟ ಸೇರುತ್ತಿರಲಿಲ್ಲ. ಮೇಡಂ ಕೂತು ಎಲ್ಲಾ ದಿನದ ವಿಡಿಯೋ ನೋಡಿದರು. ಆಮೇಲೆ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿವರಿಸಿದರು. ಮುಂಚೆ ದೀಪ ಹತ್ತಿದ ಮೇಲೆ ಹತ್ತು ಸೆಕೆಂಡ್ ಪೂರ್ತಿ ನಿಶ್ಶಬ್ದ ಇರುತ್ತಿತ್ತು, ಆಗ ಅವು ಧೈರ್ಯ ಮಾಡಿ ಕಿವಿ ನಿಮಿರಿಸುತ್ತಿದ್ದವು. ಈಗ ದೀಪ ಹತ್ತಿದ ಕೂಡಲೇ ಬಟ್ಟಲಿನ ಸದ್ದು, ಕಾಲಿನ ಸದ್ದು, ಅವು ಮತ್ತೆ ಒಳಕ್ಕೆ.

ಮೇಡಂ ಗೋಡೆಯ ಹಾಳೆ ನೋಡಿದರು. ಟೇಪ್ ನೋಡಿದರು. ಕನ್ನಡಕ ಮೇಲಕ್ಕೇರಿಸಿ ಕೇಳಿದರು: "ನಮಸ್ಕಾರ ತೆಗೆದವರು ಯಾರು?"

ಆ ಶುಕ್ರವಾರ

ನಾಲ್ಕನೇ ಸಾಲು ವಾಪಸ್ ಬಂತು. ಮೂಗೂ ವಾಪಸ್ ಬಂತು. ಬುಧವಾರ ರಾಯರು ಪೂರ್ತಿ ಹೊರಗೆ ಬಂದು ಕೊಂಬೆಯ ಮೇಲೆ ಮೈ ಮುರಿದರು. ಗುರುವಾರ ಪುಟ್ಟಮ್ಮನ ಮುಖ ಒಂದು ಕ್ಷಣ ಕಾಣಿಸಿತು. ಶುಕ್ರವಾರ ಏನಾಗುತ್ತೋ ದೇವರೇ ಬಲ್ಲ.

ಭಾನುವಾರ ಅತ್ತೆ ಊರಿಗೆ ಹೊರಡೋದಿತ್ತು. "ನಾನು ಹೇಳಿಕೊಟ್ಟ ಮುಸ್ಸಂಜೆ, ನಾನಿಲ್ಲದೆ ಹೇಗೆ?" ಅಂತ ಮೈಸೂರು ಸಿಲ್ಕ್ ಸೀರೆ ಉಟ್ಟು ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದರು. ಬೇಡ ಅನ್ನೋ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ?

ಎಂಟೂಮುಕ್ಕಾಲಿಗೆ ಸರಿಯಾಗಿ ಡೈರೆಕ್ಟರ್ ಬಂದರು. ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಫೈಲು. ಜೊತೆಗೆ ಇಬ್ಬರು ಅಧಿಕಾರಿಗಳು. ಗಾಜಿನ ಪಕ್ಕದ ಕೀಪರ್ ಬಾಗಿಲು ತೆಗೆದು, ಒಳಗಿನ ಜಾಲರಿಯ ಈಚೆ ಎಲ್ಲರನ್ನೂ ನಿಲ್ಲಿಸಿದೆವು. ಅತ್ತೆ ಮುಂದೆ, ನಾವೆಲ್ಲ ಹಿಂದೆ.

ಅಂಕಲ್ ಹಳದಿ ದೀಪ ಹಾಕಿದರು. ಬಿಳಿ ಬೆಳಕು ಒಂದು ಮೆಟ್ಟಿಲು ಇಳಿಯಿತು.

ಅತ್ತೆ ಕೈ ಮುಗಿದರು. ನಾನು ಮುಗಿದೆ, ಅಂಕಲ್ ಮುಗಿದರು, ಮೇಡಂ ಮುಗಿದರು, ಇನ್ನಿಬ್ಬರು ಕೀಪರ್‌ಗಳೂ ಮುಗಿದರು. ಡೈರೆಕ್ಟರ್ ಆ ಕಡೆ ನೋಡಿದರು, ಈ ಕಡೆ ನೋಡಿದರು. ಫೈಲನ್ನ ಕಂಕುಳಿಗೆ ಸಿಕ್ಕಿಸಿ ಅವರೂ ಮುಗಿದರು. ಅಧಿಕಾರಿಗಳು ಅವರನ್ನ ನೋಡಿ ಮುಗಿದರು.

ಹತ್ತು ಸೆಕೆಂಡ್ ಆಯಿತು. ಆದರೆ ಅತ್ತೆ ಕೈ ಇಳಿಸಲಿಲ್ಲ. ದೀಪದ ಶ್ಲೋಕ ಮುಗಿಸಿ ಅವರು ಮನೆದೇವರ ಕಡೆ ಹೊರಳಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವರು ಇಳಿಸಲಿಲ್ಲ ಅಂತ ಯಾರೂ ಇಳಿಸಲಿಲ್ಲ. ಒಂದು ನಿಮಿಷ. ಎರಡು. ಡೈರೆಕ್ಟರ್ ಬಾಯಿ ಅಂಚಿನಲ್ಲೇ ಅಂಕಲ್‌ನ ಕೇಳಿದರು, "ಎಷ್ಟು ಹೊತ್ತು?"

"ಆಂಟಿ ನಿಲ್ಲಿಸೋ ತನಕ," ಅಂದರು ಅಂಕಲ್, ಅಷ್ಟೇ ಮೆಲ್ಲಗೆ.

ಐದನೇ ನಿಮಿಷಕ್ಕೆ ಗೂಡಿನ ತೂತಿನಲ್ಲಿ ರಾಯರ ಮೂಗು. ಮೂಗಿನ ಹಿಂದೆ ಬೋಳು ತಲೆ. ಹೊರಗೆ ಬಂದರು, ಕೊಂಬೆಯ ತುದಿಗೆ ನಡೆದರು, ನಿಂತರು, ಕೈಕಾಲು ಬಿಚ್ಚಿ ಇಡೀ ಕೋಣೆಯ ಆಚೆ ತುದಿಗೆ ತೇಲಿಬಿಟ್ಟರು. ಡೈರೆಕ್ಟರ್ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಹಿಂದೆಯೇ ಪುಟ್ಟಮ್ಮ. ಹೊಟ್ಟೆಯ ಚೀಲ ಉಬ್ಬಿತ್ತು. ಅದರ ಅಂಚಿನಲ್ಲಿ, ನೂಲಿನಷ್ಟು ಸಣ್ಣದು, ಒಂದು ಪುಟಾಣಿ ಬಾಲ ಆಡುತ್ತಿತ್ತು. ಮರಿ! ನಾನು ಮುಗಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡೆ. ಮೇಡಂ ಅಳೋಕೇ ಶುರು ಮಾಡಿದರು.

ಅತ್ತೆ ಕೊನೆಗೂ ಕೈ ಇಳಿಸಿದರು. ಎಲ್ಲರೂ ಇಳಿಸಿದರು. ಇನ್ನು ಐದನೇ ಸಾಲು. ನಾನು ಸಂಭ್ರಮದಲ್ಲಿ ಪರಂಗಿಹಣ್ಣಿನ ತಟ್ಟೆ ಎತ್ತಿಕೊಂಡು ಜಾಲರಿಯ ಕಡೆ ಹೊರಟೆ.

ದಾರಿಯಲ್ಲಿ ಡೈರೆಕ್ಟರ್ ನಿಂತಿದ್ದರು. ಪಾಪ, ಅವರು ದೀಪಾವಳಿಗೆ ಎಲ್ಲೋ ದೇವಸ್ಥಾನಕ್ಕೆ ಹೋಗಿದ್ದವರಿರಬೇಕು, ಮರ್ಯಾದೆ ಗೊತ್ತಿದ್ದ ಮನುಷ್ಯ. ಬಲಗೈಯ ಕೆಳಗೆ ಎಡಗೈ ಇಟ್ಟು, ತಲೆ ಸ್ವಲ್ಪ ಬಗ್ಗಿಸಿ, ತಟ್ಟೆಯಿಂದ ಒಂದು ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಇಬ್ಬರು ಅಧಿಕಾರಿಗಳೂ ಒಂದೊಂದು ತಗೊಂಡರು. ನಾನು ಬೇಡ ಅನ್ನೋಷ್ಟರಲ್ಲಿ ಮೂವರ ಬಾಯೂ ಆಡುತ್ತಿತ್ತು. ಅತ್ತೆಯ ಕೈಯೂ ತಟ್ಟೆಯ ಕಡೆ ಬಂತು. ಅದನ್ನ ಮಾತ್ರ ಗಬಕ್ಕನೆ ಹಿಡಿದುಕೊಂಡೆ.

"ಚೆನ್ನಾಗಿದೆ," ಅಂದರು ಡೈರೆಕ್ಟರ್, ಅಗಿಯುತ್ತಾ. "ಮೇಲೆ ಉದುರಿಸಿರೋದು ಏನು, ಕಾಯಿತುರಿನಾ?"

ಅಂಕಲ್ ಶಿಸ್ತಿನ ಮನುಷ್ಯ ಅಂತ ಆಗಲೇ ಹೇಳಿದೆನಲ್ಲ. "ಮಿಡತೆ ಸರ್," ಅಂದರು.

ಅಗಿಯೋದು ನಿಂತಿತು. ಅಧಿಕಾರಿಗಳು ಡೈರೆಕ್ಟರ್ ಮುಖ ನೋಡಿದರು, ನುಂಗಬೇಕೋ ಉಗುಳಬೇಕೋ ಅಂತ. ಜಾಲರಿಯ ಒಳಗಿಂದ ರಾಯರು, ತಮ್ಮ ತಿಂಡಿ ಕಂಡವರ ಬಾಯಿಗೆ ಹೋದದ್ದು ನೋಡಿ, ಕರ್‌ರ್‌ರ್ ಅಂತ ಬೈದರು. ಡೈರೆಕ್ಟರ್ ಕಣ್ಣು ಮುಚ್ಚಿ, ನುಂಗಿ, ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, ಕಂಕುಳಿನ ಫೈಲು ಕೈಗೆ ತೆಗೆದುಕೊಂಡು ಹೊರಟುಹೋದರು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. "ಎಲ್ಲಾ ಹಾಳಾಯ್ತು ಅತ್ತೆ. ಇವನ್ನ ಕಳಿಸಿಬಿಡ್ತಾರೆ. ಮರಿ ಬೇರೆ ಇದೆ."

ಅತ್ತೆ ಸೆರಗು ಸರಿಮಾಡಿಕೊಂಡರು. ಅಂಕಲ್ ಇಂಗ್ಲಿಷಿನಲ್ಲಿ ಹೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ, ತಟ್ಟೆಯಲ್ಲಿದ್ದದ್ದು ಏನು ಅಂತ ನಾನೂ ಹೇಳಲಿಲ್ಲ. ಪಕ್ಕದ ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿಯನ್ನ ಮಾತ್ರ ಒಂದು ಗಳಿಗೆ ದಿಟ್ಟಿಸಿ ನೋಡಿದರು. ಆಮೇಲೆ ಅಂದರು, "ಸುಮ್ಮನಿರು. ಪ್ರಸಾದ ತಿಂದವರು ಇಲ್ಲ ಅನ್ನೋದು ನಾನು ಎಲ್ಲೂ ನೋಡಿಲ್ಲ."

ಸೋಮವಾರ ಈಮೇಲ್ ಬಂತು. ಆರನೇ ಕೋಣೆ ಮುಚ್ಚೋದಿಲ್ಲ. ಜೋಡಿಯನ್ನ ಬೇರೆ ಮಾಡೋದಿಲ್ಲ. ಮರಿ ದೊಡ್ಡದಾಗೋ ತನಕ ಮೂವರೂ ಇಲ್ಲೇ. ಎಲ್ಲಾ ಕೋಣೆಗಳಲ್ಲೂ ಇನ್ನು ಮುಂದೆ ಮುಸ್ಸಂಜೆ ಇರಬೇಕು. ಕೆಳಗೆ, ಡೈರೆಕ್ಟರ್ ಸ್ವತಃ ಸೇರಿಸಿದ ಒಂದು ಸಾಲು:

"ನಾಲ್ಕನೇ ಸಾಲು ಇದ್ದ ಹಾಗೇ ಇರಲಿ. ಐದನೇ ಸಾಲಿನಲ್ಲಿ ಮಾತ್ರ ದಯವಿಟ್ಟು 'ಪ್ರಾಣಿಗಳಿಗೆ' ಅಂತ ಸೇರಿಸಿ."